ಓರಗಿತ್ತಿಯ ಸಣ್ಣ ಡಬ್ಬಿ

ನನ್ನ ಓರಗಿತ್ತಿಯನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಮೈದುನನ ಕೈ ಹಿಡಿದು ಬಂದ ದಿನದಿಂದ ಮನೆಯಲ್ಲಿ ಎಲ್ಲರಿಗೂ ಅವಳೇ ಬೇಕು. ಅತ್ತೆಗೆ ಅವಳು ಕಾಯಿಸಿದ ಹಾಲೇ ರುಚಿ. ಹಾಲು ಕಾಯಿಸುವುದರಲ್ಲಿ ಏನು ಮಹಾ ವಿದ್ಯೆಯೋ ನಾ ಕಾಣೆ. ಅವಳನ್ನು ಬೇಕರಿ ಕೆಲಸಕ್ಕೆ ಸೇರಿಸಿದವಳೂ ನಾನೇ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ಬೇಕರಿಯಲ್ಲಿ ನಮ್ಮಿಬ್ಬರದೂ ಒಂದೇ ಕೆಲಸ. ನಾದಿದ ಹಿಟ್ಟನ್ನು ಬ್ರೆಡ್ಡಿಗಾಗಿ ನಾನೂರು ಗ್ರಾಂ ಉಂಡೆಗಳಾಗಿ ಕತ್ತರಿಸಬೇಕು. ನನಗೆ ಹದಿನಾಲ್ಕು ವರ್ಷದ ಅನುಭವ, ಅವಳಿಗೆ ನಾಲ್ಕು. ಆದರೂ ಅವಳು ತಕ್ಕಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಉಂಡೆಯನ್ನು ಅಂಗೈಯಲ್ಲಿ ಒಮ್ಮೆ ಎತ್ತಿ "ಹೂಂ" ಎಂದು ಹಲಗೆಗೆ ಹಾಕುತ್ತಿದ್ದಳು. ಆ "ಹೂಂ" ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಮೇಜಿನ ಮೇಲ್ವಿಚಾರಕಿ ನಿವೃತ್ತಳಾದಾಗ ಆ ಜಾಗಕ್ಕೆ ನಮ್ಮಿಬ್ಬರ ಹೆಸರೂ ಬಂತು. ಒಬ್ಬೊಬ್ಬರ ನಲವತ್ತು ಉಂಡೆ ತೂಗಿ, ಬಾಕ್ಸ್ ಪ್ಲಾಟ್ ಎಂಬ ಡಬ್ಬಿಚಿತ್ರ ಬರೆದು, ನೋಡಿ ಆರಿಸಿ ಎಂದು ಮುಖ್ಯ ಕಚೇರಿಯವರು ಬರೆದಿದ್ದರು. ಪ್ಲಾಟು ಎಂದರೆ ಮನೆ ಕಟ್ಟುವ ಜಾಗ ಎಂದಷ್ಟೇ ನಮ್ಮ ಮ್ಯಾನೇಜರಿಗೆ ಗೊತ್ತು. ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದ ನನ್ನನ್ನೇ ಅದರ ಮುಂದೆ ಕೂರಿಸಿದರು.

ಸ್ಪ್ರೆಡ್‌ಶೀಟಿನ ಎರಡು ಕಾಲಂಗಳಲ್ಲಿ ತೂಕ ತುಂಬಿದೆ. ಸರಾಸರಿ ಇಬ್ಬರದೂ ನಾನೂರೇ ಬಂತು. ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಕ್ವಾರ್ಟೈಲ್ ಸೂತ್ರ ಹಾಕಿದೆ. ತೂಕಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ಕಾಲು ಭಾಗ ಎಲ್ಲಿ ಮುಗಿಯುತ್ತದೆ, ಮುಕ್ಕಾಲು ಎಲ್ಲಿ ಎಂದು ಅದು ಹೇಳುತ್ತದೆ. ಆ ಎರಡರ ನಡುವೆ ಬರುವುದೇ ಡಬ್ಬಿ. ನನ್ನದು ಮುನ್ನೂರ ಎಂಬತ್ತೆಂಟರಿಂದ ನಾನೂರ ಹನ್ನೊಂದರವರೆಗೆ. ಅವಳದು ಮುನ್ನೂರ ತೊಂಬತ್ತೊಂಬತ್ತರಿಂದ ನಾನೂರ ಒಂದರವರೆಗೆ. ಪರದೆಯ ಮೇಲೆ ನನ್ನದು ಟ್ರಂಕು, ಅವಳದು ಬೆಂಕಿಪೊಟ್ಟಣ. ಡಬ್ಬಿ ಸಣ್ಣದಾದಷ್ಟೂ ಕೈ ಪಕ್ಕಾ ಎಂದರ್ಥ. ಅದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

ಬೆನ್ನ ಹಿಂದೆ ಬಂದು ನಿಂತ ಓರಗಿತ್ತಿ, "ಅಯ್ಯೋ ಅಕ್ಕ, ನಿಮ್ದು ಎಷ್ಟು ದೊಡ್ಡದಿದೆ! ನಂದು ನೋಡಿ, ಇಷ್ಟೇ ಇಷ್ಟು" ಎಂದಳು.

"ಅಂದ್ರೆ ದೊಡ್ಡದಿದ್ರೇನೇ ಒಳ್ಳೇದಾ?" ಎಂದರು ಮ್ಯಾನೇಜರು.

"ಹೌದು ಸರ್" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಜಾಗ ನನಗೇ ಸಿಕ್ಕಿತು. ಅವಳು ಮನೆಮಂದಿಗೆಲ್ಲ ಡಂಗುರ ಸಾರಿದಳು. ಅತ್ತೆ ಮೊದಲ ಸಲ ನನ್ನನ್ನು ಹೊಗಳಿದರು. ಆ ಹೊಗಳಿಕೆಯೂ ಅವಳ ಬಾಯಿಂದಲೇ ಹುಟ್ಟಿದ್ದಲ್ಲವೇ ಎಂದು ನನಗೆ ಮತ್ತೆ ಹೊಟ್ಟೆಕಿಚ್ಚು.

ಒಂದು ತಿಂಗಳಾದ ಮೇಲೆ ಮತ್ತೆ ಎಲ್ಲರ ತೂಕ ತುಂಬಿದೆ. ಅವಳ ಡಬ್ಬಿ ನನ್ನದಕ್ಕಿಂತ ಉದ್ದ ಬಂತು. ಅಂಕಿ ತಪ್ಪಾಗಿ ಒತ್ತಿದೆನೇನೋ ಎಂದು ಎರಡು ಸಲ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ಬಂತಾ ಅಕ್ಕ? ದೊಡ್ಡದು ಬಂತಾ? ನಿಮ್ಮ ಥರ ಆಗ್ಬೇಕು ಅಂತ ತಿಂಗಳಿಡೀ ಒದ್ದಾಡಿದೀನಿ. ಈ ಹಾಳು ಕೈ ಮಾತೇ ಕೇಳ್ತಿರ್ಲಿಲ್ಲ. ಬೇಕಂತ್ಲೇ ಒಂದು ಜಾಸ್ತಿ, ಒಂದು ಕಡಿಮೆ ಕತ್ತರಿಸಿ ಕತ್ತರಿಸಿ ಅಭ್ಯಾಸ ಮಾಡಿಸ್ದೆ. ಈಗ ನೋಡಿ, ನಾನೂರು ಕತ್ತರಿಸು ಅಂದ್ರೂ ಬರಲ್ಲ."