ಚಿಕ್ಕಪ್ಪನ ಮುಸುರೆ ಪೀಪಾಯಿ

ಚಿಕ್ಕಪ್ಪ ಆ ಪೀಪಾಯಿಯನ್ನು ಬಸ್ಸಿನ ನೆತ್ತಿಯ ಮೇಲೆ ಕಟ್ಟಿಸಿಕೊಂಡು ಮಂಡ್ಯದಿಂದ ಮಳವಳ್ಳಿಗೆ ತಂದ ದಿನ ಬೀದಿಯವರೆಲ್ಲ ನಮ್ಮ ಹಿತ್ತಲಲ್ಲಿ ನೆರೆದಿದ್ದರು. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಚಿಕ್ಕಪ್ಪ ಮಂಡ್ಯದ ಒಂದು ರಿಪೇರಿ ಶೆಡ್ಡಿನಲ್ಲಿ ಅವುಗಳ ಹೊಟ್ಟೆ ಬಗೆಯುವ ಕೆಲಸದಲ್ಲಿದ್ದ; ಭಾನುವಾರ ಮಾತ್ರ ಊರಿಗೆ ಬರುತ್ತಿದ್ದ. ಯಾರೋ ಸಾಹೇಬರ ಕಾರು ರಿಪೇರಿಗೆ ಬಂಗಲೆಗೆ ಹೋದಾಗ ಅಲ್ಲಿದ್ದ ವಿಲಾಯಿತಿ ಪತ್ರಿಕೆಯೊಂದರಲ್ಲಿ ಪಾತ್ರೆ ತೊಳೆಯುವ ಯಂತ್ರದ ಚಿತ್ರ ನೋಡಿದನಂತೆ. ಆಮೇಲೆ ಅವನಿಗೆ ನಿದ್ದೆಯಿಲ್ಲ. ಎಣ್ಣೆಯ ಹಳೆಯ ಪೀಪಾಯಿಯೊಂದನ್ನು ಹಿಡಿದು, ಒಳಗೆ ತಂತಿಯ ತಟ್ಟಿ ಕೂರಿಸಿ, ತಳದಲ್ಲಿ ತಗಡಿನ ರೆಕ್ಕೆಗಳನ್ನು ಜೋಡಿಸಿ, ಸೈಕಲ್ ಚೈನು ಹಾಕಿ, ಹೊರಗಿನಿಂದ ತಿರುಗಿಸುವುದಕ್ಕೆ ಒಂದು ಹ್ಯಾಂಡಲ್ ಇಟ್ಟಿದ್ದ.

ಅದನ್ನೆಲ್ಲ ಅವನು ಮಾಡಿದ್ದು ನಮ್ಮವ್ವನಿಗಾಗಿ. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಚಿಕ್ಕಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಆಡಿಸಿದವಳು, ಉಣ್ಣಿಸಿದವಳು ಅವಳೇ. ಬೂದಿ, ಹುಣಸೆಹುಳಿ, ತೆಂಗಿನ ನಾರು ಹಿಡಿದು ತಿಕ್ಕಿ ತಿಕ್ಕಿ ಅವ್ವನ ಬೆರಳ ಸಂದುಗಳು ಸೀಳಿಹೋಗಿದ್ದವು. ಚಿಕ್ಕಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

"ಅತ್ಗೆ, ಇನ್ಮೇಲೆ ನೀವು ಮುಸುರೆ ಮುಟ್ಟಂಗಿಲ್ಲ. ಒಳೀಕೆ ಜೋಡ್ಸಿ, ಒಗೆಯೋ ಸೋಡಾ ಆಕಿ, ಬಿಸ್ನೀರು ಉಯ್ದು ಈ ಆಂಡ್ಲು ತಿರುಗ್ಸಿ. ಅಷ್ಟೇಯ."

ಅಜ್ಜಿ ಮುಚ್ಚಳ ಎತ್ತಿ ಒಳಗೆ ಇಣುಕಿದಳು. "ಎಲ್ಲಾರ್ ಎಂಜ್ಲೂ ಒಂದೇ ನೀರ್ನಾಗೆ ಗಿರಗಿರ ತಿರುಗಿದ್ರೆ ಅದೇನ್ಲಾ ತೊಳ್ದಂಗೆ? ನಿನ್ನೆಂಜ್ಲು ನನ್ ಗಂಗ್ಳುಕ್ಕೆ, ನನ್ನೆಂಜ್ಲು ನಿನ್ ಗಂಗ್ಳುಕ್ಕೆ!"

"ಬಿಸ್ನೀರು ಕಣವ್ವ. ಎಲ್ಲಾ ಸತ್ತೋಯ್ತದೆ."

"ಏನ್ ಸತ್ತೋಯ್ತದ್ಲಾ?"

ಚಿಕ್ಕಪ್ಪ ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ಮುಚ್ಚಿದ. ಅವ್ವ ಮಾತ್ರ ಪೀಪಾಯಿಗೆ ಅರಿಶಿನ ಕುಂಕುಮ ಹಚ್ಚಿ, "ನನ್ ಮೈದ್ನ ಮಾಡ್ದ" ಎಂದು ಬಂದವರಿಗೆಲ್ಲ ಹೇಳಿಕೊಂಡಳು.

ಮೊದಲ ಸಲ ಲೋಟ, ಚೊಂಬುಗಳು ಪರವಾಗಿಲ್ಲ ಅನ್ನುವಂತೆ ಹೊರಬಂದವು. ಆದರೆ ನಾವು ಮುದ್ದೆ ಉಣ್ಣುವ ಜನ. ಹಿಟ್ಟಿನ ಮಡಕೆ, ಉಣ್ಣುವ ಗಂಗಳದ ಅಂಚಿಗೆ ಅಂಟಿದ ಮುದ್ದೆಯ ಚೂರು, ಇವೆಲ್ಲ ಸೋಡಾ ನೀರಿನಲ್ಲಿ ಬೆಂದು ಅಂಟಾಗಿ, ಒಂದು ಪಾತ್ರೆಯಿಂದ ಬಿಟ್ಟು ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತಿದ್ದವು. ಬಾಡೂಟದ ಮರುದಿನವಂತೂ ಮುಚ್ಚಳ ತೆಗೆಯುವಾಗ ಮೂಗು ಮುಚ್ಚಿಕೊಳ್ಳಬೇಕಿತ್ತು. ಕುರಿಯ ಕೊಬ್ಬು ಮೇಲೆ ತೇಲಿ, ನೀರು ಆರುತ್ತಿದ್ದಂತೆ ಪ್ರತಿ ಲೋಟದ ಒಳಗೂ ಹೊರಗೂ ಮೇಣದ ಹಾಗೆ ಪೊರೆ ಕಟ್ಟುತ್ತಿತ್ತು. ಉಗುರಿನಿಂದ ಕೆರೆದರೆ ಬೆಳ್ಳಗೆ ಸುರುಳಿಯಾಗಿ ಬರುತ್ತಿತ್ತು. ಒಮ್ಮೆ ನನ್ನ ಗಂಗಳದ ತಳದಲ್ಲಿ ಅಜ್ಜಿ ಅಗಿದು ಉಗಿದ ನುಗ್ಗೆಕಾಯಿಯ ನಾರು ಅಂಟಿತ್ತು. ಅಂದು ನಾನು ಉಣ್ಣಲಿಲ್ಲ.

ಕೆಲಸವಾದರೂ ಕಡಿಮೆಯಾಯಿತೇ ಅಂದರೆ ಅದೂ ಇಲ್ಲ. ಮೊದಲು ಒಂದು ಕೊಡ ನೀರಿನಲ್ಲಿ ಮುಗಿಯುತ್ತಿದ್ದ ಮುಸುರೆಗೆ ಈಗ ಹಂಡೆಗಟ್ಟಲೆ ಸೇದಬೇಕು, ಕಾಯಿಸಬೇಕು, ಅದಕ್ಕೆ ಸೌದೆ ಒಟ್ಟಬೇಕು. ನಮ್ಮ ಎಮ್ಮೆಗೆ ದಿನಾ ಕಲಗಚ್ಚು ಕುಡಿದು ಅಭ್ಯಾಸ. ಪಾತ್ರೆ ತೊಳೆದ ನೀರಿಗೆ ತವುಡು ಕಲಸಿ ಕೊಟ್ಟರೆ ಬಾನಿ ನೆಕ್ಕಿ ಬರಿದು ಮಾಡುತ್ತಿತ್ತು. ಸೋಡಾ ಬೆರೆತ ಕಲಗಚ್ಚು ಕುಡಿದ ಎಮ್ಮೆ ಕೊಟ್ಟಿಗೆಯ ಗೋಡೆಯವರೆಗೂ ಹಸಿರಾಗಿ ಪಿಚಕಾರಿ ಹೊಡೆಯಿತು. ಅದನ್ನು ಬಳಿದವಳು ನಾನು. ಆಗ ನನಗೆ ಲಂಗ ಬಿಟ್ಟು ಸೀರೆ ಉಡುವ ವಯಸ್ಸು. ಸೆರಗನ್ನು ಮೂಗಿಗೆ ಬಿಗಿದುಕೊಂಡು ಗೋಡೆ ತಿಕ್ಕುತ್ತಾ ಆ ಪೀಪಾಯಿ ಹುಟ್ಟಿದ ಗಳಿಗೆಯನ್ನು ಬೈದೆ.

ಹೀಗಿರುವಾಗ ಬೆಳಕವಾಡಿಯಿಂದ ಅವ್ವನ ಅಣ್ಣ ಬಂದ. ಬಿಸಿಲಲ್ಲಿ ದಣಿದು ಬಂದವನಿಗೆ ಅವ್ವ ಪೀಪಾಯಿಯಲ್ಲಿ ತೊಳೆದ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಮಾವ ಗಟಗಟ ಕುಡಿಯುತ್ತಿದ್ದವನು ನಿಂತು, ನಾಲಿಗೆಯ ಮೇಲಿಂದ ಏನನ್ನೋ ಬೆರಳಲ್ಲಿ ತೆಗೆದು ಬೆಳಕಿಗೆ ಹಿಡಿದ. ಬೆಂದು ಕೆಂಪಗಾದ ಜಿರಲೆಯ ಕಾಲು. ಬಾಗಿಲಾಚೆಗೆ ಓಡಿದ. ಬಾಯಿ ತೊಳೆದುಕೊಂಡು ಒಳಗೆ ಬಂದು, "ಏನವ್ವಾ, ಮಜ್ಗೇಗೂ ಬಾಡಿನ್ ವಾಸ್ನೆ ಅತ್ತುಸ್ಬುಟ್ಟಿದ್ದೀಯಲ್ಲ!" ಅಂದ. ನಗಿಸಲು ಹೇಳಿದ ಮಾತು. ಅವ್ವನ ಮುಖ ಮಾತ್ರ ಇಂಗು ತಿಂದ ಹಾಗಾಯಿತು. ಮನೆಯ ಲೋಟದ ಬಗ್ಗೆ ತವರಿನವರು ಆಡಿದ ಮಾತನ್ನು ಅವಳು ಸಾಯುವವರೆಗೂ ಮರೆಯಲಿಲ್ಲ.

ಅಂದಿನಿಂದ ಅವ್ವ ಕಳ್ಳತನದಿಂದ ಪಾತ್ರೆ ತಿಕ್ಕತೊಡಗಿದಳು. ವಾರವೆಲ್ಲ ಬಾವಿಕಟ್ಟೆಯ ಹಿಂದೆ ಬೂದಿ, ಹುಣಸೆಹಣ್ಣು. ಭಾನುವಾರ ಚಿಕ್ಕಪ್ಪನ ಎದುರು ಪೀಪಾಯಿಗೆ ಪಾತ್ರೆ ಜೋಡಿಸುತ್ತಿದ್ದಳು. ಅವನು ಹ್ಯಾಂಡಲ್ ತಿರುಗಿಸಿ ಖುಷಿಪಟ್ಟು ಸಂಜೆ ಬಸ್ಸು ಹತ್ತಿದ ಮೇಲೆ ಎಲ್ಲವನ್ನೂ ಹೊರತೆಗೆದು ಮತ್ತೆ ತಿಕ್ಕುತ್ತಿದ್ದಳು. "ನಿಜ ಹೇಳ್ಬುಡವ್ವ" ಅಂದರೆ, "ಬ್ಯಾಡ ಕಣ್ ಮಗಾ, ಪಾಪ, ಆಸೆಯಿಂದ ಮಾಡವ್ನೆ" ಅನ್ನುತ್ತಿದ್ದಳು.

ಒಂದು ದಿನ ವಾರದ ನಡುವೆ ಚಿಕ್ಕಪ್ಪ ಬಂದುಬಿಟ್ಟ. ಕೊಳ್ಳೇಗಾಲದ ಕಡೆ ನಿಂತುಹೋದ ಬಸ್ಸೊಂದನ್ನು ನೋಡಿಕೊಂಡು ಹಿಂದಿರುಗುವಾಗ ಊಟಕ್ಕೆಂದು ಮಳವಳ್ಳಿಯಲ್ಲಿ ಇಳಿದಿದ್ದ. ನೇರ ಹಿತ್ತಲಿಗೆ ನಡೆದ. ನಾನೂ ಅವ್ವನೂ ಮೊಣಕೈವರೆಗೆ ಬೂದಿ ಮೆತ್ತಿಕೊಂಡು, ಸುತ್ತ ಪಾತ್ರೆ ಹರಡಿಕೊಂಡು ಕೂತಿದ್ದೆವು.

"ಯಾಕತ್ಗೆ, ಕೆಟ್ಟೋಯ್ತಾ?" ಅಂದ.

ಅವ್ವ ತಲೆ ತಗ್ಗಿಸಿದಳು. ಅಜ್ಜಿ ಜಗಲಿಯಿಂದ ಕೂಗಿದಳು: "ಕೆಟ್ಟಿಲ್ಲ ಕಣ್ಲಾ, ಕೊಳ್ತದೆ! ಅದರೊಳೀಕೆ ಕೈ ಬುಡು, ಗೊತ್ತಾಯ್ತದೆ!"

ಚಿಕ್ಕಪ್ಪ ಅಂಗಿಯ ತೋಳು ಮಡಿಸಿ, ತಟ್ಟಿ ಎತ್ತಿಟ್ಟು, ತಳಕ್ಕೆ ಕೈ ಇಳಿಸಿದ. ಬಸ್ಸಿನ ಗ್ರೀಸಿನಲ್ಲಿ ದಿನಾ ಮುಳುಗೇಳುವ ಕೈ ಅದು. ಹೇಸಿಗೆ ಅನ್ನುವುದೇ ಅದಕ್ಕೆ ಗೊತ್ತಿರಲಿಲ್ಲ. ರೆಕ್ಕೆಗಳ ಕೆಳಗಿನಿಂದ ಅವನು ಎಳೆದು ತೆಗೆದದ್ದು ಒಂದು ಹಿಡಿ ಕಪ್ಪು ಲೋಳೆ. ಹುಳಿತ ಹಿಟ್ಟು, ಕೊಬ್ಬು, ಕರಿಬೇವು, ಕೂದಲು, ಎಲ್ಲ ಒಂದಾಗಿ ಹಗ್ಗದಂತೆ ಹೊಸೆದುಕೊಂಡಿತ್ತು. ನಡುವೆ ಹಲ್ಲಿಯೊಂದರ ಬೆನ್ನೆಲುಬು. ಬಿಳಿಯ ಹುಳುಗಳು ಅವನ ಮಣಿಕಟ್ಟಿನ ಮೇಲೆ ಹರಿದವು. ವಾಸನೆಗೆ ನಾಯಿ ಕೂಡ ಎದ್ದು ಆಚೆ ಹೋಯಿತು. ಚಿಕ್ಕಪ್ಪ ಬಾಳೆಯ ಬುಡಕ್ಕೆ ಓಡಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದ.

ಅವ್ವ ನೀರು ತಂದು ಅವನ ಬೆನ್ನು ನೀವಿದಳು.

"ಇಷ್ಟು ದಿನ ಇದ್ರಾಗಿಂದೇ ಉಂಡ್ರಾ, ಅತ್ಗೆ?"

"ಇಲ್ಲ ಕಣಪ್ಪ. ತಿಕ್ಕೊಂಡೇ ಉಣ್ತಿದ್ದೋ."

"ಯೋಳ್ಬಾರ್ದಾಗಿತ್ತಾ?"

"ಎಂಗಪ್ಪಾ ಯೋಳ್ಳಿ ನಿಂಗೆ?"

ಚಿಕ್ಕಪ್ಪ ಹಾರೆ ತಂದು ತಿಪ್ಪೆಯ ಆಚೆ ಗುಂಡಿ ತೋಡಿ, ಆ ಲೋಳೆಯನ್ನು ಹೂತ. ಚೈನು, ರೆಕ್ಕೆ ಬಿಚ್ಚಿದ. ಖಾಲಿ ಪೀಪಾಯಿಯನ್ನು ದನಕ್ಕೆ ನೀರು ತುಂಬುವುದಕ್ಕೆ ಇಡೋಣವೆಂದು ಬಾವಿಯ ಬಳಿ ಉರುಳಿಸಿದ. ಎಮ್ಮೆ ಹತ್ತಿರ ಬಂದು ಮೂಸಿ, ಬುಸುಗುಟ್ಟಿ ತಿರುಗಿ ಹೋಯಿತು. ಕೊನೆಗೆ ಅದನ್ನೂ ಬೇಲಿಯ ಆಚೆ ಉರುಳಿಸಿದ.

ಆಮೇಲೆ ಅವನು ಮಾಡಿದ್ದನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಕೈ ತೊಳೆದು ಬಂದು ನಮ್ಮ ಜೊತೆ ಕುಕ್ಕರಗಾಲಲ್ಲಿ ಕೂತು, ನಾರು ತೆಗೆದುಕೊಂಡು ಹಿಟ್ಟಿನ ಮಡಕೆಗೆ ಕೈ ಹಾಕಿದ. ಅಜ್ಜಿ ಬಾಯಿ ಬಡಿದುಕೊಂಡಳು. "ಅಯ್ಯೋ, ಗಂಡ್ಸು ಮುಸುರೆ ತಿಕ್ತಾನಲ್ಲಪ್ಪ! ಬೀದಿಯೋರು ನೋಡಿದ್ರೆ ಏನಂದಾರ್ಲಾ?" ಅವ್ವನೂ ಮಡಕೆ ಕಿತ್ತುಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ. ತಿಕ್ಕಲು ಬರುತ್ತಿರಲಿಲ್ಲ ಅವನಿಗೆ. ಮಡಕೆಯ ತುಂಬ ಬೂದಿಯ ಗೆರೆ ಉಳಿಸಿದ. ನಾನು ಸುಮ್ಮನೆ ಇನ್ನೊಮ್ಮೆ ಜಾಲಿಸಿಟ್ಟೆ.

ಊಟದ ಹೊತ್ತಿಗೆ ಕೈ ಮೂಸಿಕೊಂಡು ಮುಖ ಹಿಂಡಿದ. ಸೀಗೆಪುಡಿ ಹಾಕಿ ತೊಳೆದರೂ ನಾತ ಬಿಟ್ಟಿರಲಿಲ್ಲ. ಅವನು ಗಂಗಳ ನೋಡಿ ಹಿಂದೆ ಸರಿದದ್ದನ್ನು ಕಂಡ ಅವ್ವ ಎದ್ದು ಹೋಗಿ ಎಳೆಯ ಬಾಳೆ ಎಲೆಗಳನ್ನು ಕುಯ್ದು ತಂದು ಎಲ್ಲರಿಗೂ ಹಾಸಿದಳು. ತಾನೇ ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಅಷ್ಟು ದೊಡ್ಡ ಆಳಿಗೆ ಒಂದೊಂದೇ ತುತ್ತು ಕೊಟ್ಟಳು. ಚಿಕ್ಕಪ್ಪ ತನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ನುಂಗಿದ.