ಚುಕ್ಕಿಗಳ ಹಾಜರಿ

ಬಸವನಗುಡಿಯ ನಮ್ಮ ಮನೆಯ ಕೆಂಪು ಗಾರೆ ನೆಲವನ್ನು, ಫೋಟೋ ಬಳಸದೆ ಬರೀ ಸೂತ್ರಗಳಿಂದಲೇ ಕಂಪ್ಯೂಟರ್ ಪರದೆಯ ಮೇಲೆ ಹೊಳೆಯಿಸುತ್ತೇನೆಂದು ಮೊಮ್ಮಗಳೊಂದಿಗೆ ಬಾಜಿ ಕಟ್ಟಿದೆ. ಸೋತರೆ, ದಿನಾ ನಾಲ್ಕೂವರೆಗೆ ಏಳುವ ನಾನು ಮರುದಿನ ಎಂಟರವರೆಗೆ ಹಾಸಿಗೆ ಬಿಡುವಂತಿಲ್ಲ.

ಶಾಲೆಯಲ್ಲಿ ಜೀವನವಿಡೀ ಹಾಜರಿ ಕೂಗಿದ ಮೇಷ್ಟ್ರು ನಾನು. ಪರದೆಯ ಮೊದಲ ಚುಕ್ಕಿಯಿಂದ ಕೊನೆಯದರವರೆಗೆ ಸಾಲಾಗಿ ಬಣ್ಣ ತುಂಬುವಂತೆ, ಶಿಸ್ತಾಗಿ ಶೇಡರ್, ಅಂದರೆ ಚುಕ್ಕಿಗಳ ಬಣ್ಣ ಲೆಕ್ಕ ಹಾಕುವ ಪ್ರೋಗ್ರಾಂ, ಬರೆದೆ. ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಟ್ಟಿತು.

ಮೊಮ್ಮಗಳು ಬಿದ್ದುಬಿದ್ದು ನಕ್ಕಳು. "ಅಯ್ಯೋ ತಾತ, ಗ್ರಾಫಿಕ್ಸ್ ಕಾರ್ಡಲ್ಲಿ ಎಲ್ಲಾ ಚುಕ್ಕಿಗಳೂ ಒಟ್ಟಿಗೇ, ಒಂದೊಂದೂ ಇದೇ ಪ್ರೋಗ್ರಾಂ ಓಡಿಸಿ, ತಮ್ಮ ತಮ್ಮ ಬಣ್ಣ ಲೆಕ್ಕ ಹಾಕ್ಕೊಳ್ತವೆ. ನೀವು ಒಬ್ಬೊಬ್ಬ ಹುಡುಗನ ಕೈಲೂ ಇಡೀ ಸ್ಕೂಲಿನ ಹಾಜರಿ ಕೂಗಿಸ್ತಿದೀರಿ!"

ಮರುದಿನ ನಾಲ್ಕೂವರೆಯಿಂದ ಎಂಟರವರೆಗೆ ಕಣ್ಣು ಬಿಟ್ಟುಕೊಂಡು ಮಲಗಿ, ತಾರಸಿಯ ತೊಲೆಗಳನ್ನು ಎಡದಿಂದ ಬಲಕ್ಕೆ ಎಣಿಸಿದೆ. ಎಲ್ಲವೂ ಹಾಜರಿದ್ದವು.