ನಲವತ್ತೆರಡು ಹಲಗೆಗಳ ಗೋಡೆ

ಬೆಳಗಿನ ಐದೂವರೆ. ಕೊಲ್ಕತ್ತಾದ ಕಸ್ಬಾ ಬಡಾವಣೆಯ ಗಲ್ಲಿಯೊಂದರ ತಗಡಿನ ಶೆಡ್ಡಿನಲ್ಲಿ ಬಸು ಬಡಿಗೇರರು ಓಕ್ ಮರದ ಹಲಗೆಯೊಂದರ ಮೇಲೆ ಹತ್ತರಿ ಓಡಿಸುತ್ತಿದ್ದಾರೆ. ತಲೆಗೆ ಮಂಕಿ ಕ್ಯಾಪ್, ಮೈಮೇಲೆ ಎರಡು ಸ್ವೆಟರ್, ಕಾಲು ಮಾತ್ರ ಬರಿಗಾಲು. ಚಪ್ಪಲಿ ಹಾಕಿಕೊಂಡರೆ ನಿಂತ ಹದ ತಪ್ಪುತ್ತದಂತೆ. ಹತ್ತರಿಯ ಬಾಯಿಂದ ತೆಳ್ಳಗಿನ ಮರದ ಸುರುಳಿ ಬಿಚ್ಚಿಕೊಂಡು ಬಂದು ಕಾಲ ಮೇಲೆ ಬೀಳುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಎಸೆಯುತ್ತಾರೆ, ಮತ್ತೆ ಬಾಗುತ್ತಾರೆ.

ಒಂಬತ್ತು ಗಂಟೆಯವರೆಗೆ ಇಲ್ಲಿ ಯಂತ್ರ ಓಡಿಸುವಂತಿಲ್ಲ. ಪಕ್ಕದ ಮನೆಯವರೊಂದಿಗೆ ಆದ ಒಪ್ಪಂದ ಅದು. ಹಾಗಾಗಿ ಕೈಯಿಂದಲೇ ಆಗಬೇಕಾದ ನಾಜೂಕಿನ ಕೆಲಸವೆಲ್ಲ ಬೆಳಗಿನ ಈ ಮೂರೂವರೆ ತಾಸಿನೊಳಗೆ ಮುಗಿಯಬೇಕು. ಅಷ್ಟರಲ್ಲಿ ಆರು ಹಲಗೆ ಆಗುತ್ತವೆ. ಹಲಗೆ ಹಟಮಾರಿಯಾಗಿದ್ದರೆ ನಾಲ್ಕು.

ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದಿದ್ದ ನಾನು, ಈಗ ಕೈಯಲ್ಲಿರುವ ಹಲಗೆ ಯಾವುದಕ್ಕೆಂದು ಕೇಳಿದೆ.

“ಸಾಲ್ಟ್ ಲೇಕಿನ ಮನಿ ಮೆಟ್ಟಿಲ ಹಾಲಿಗ್ರೀ. ಇವತ್ತ ಆ ಮನಿ ಅಮ್ಮಾರು ಒಪ್ಪಿದ್ರ ಮೆಟ್ಟಿಲ ಹಾಲಿಗೆ. ಇಲ್ಲಂದ್ರ ನಮ್ಮನ್ಯಾಗ ಕೂಡ್ರಾಕ ಒಂದ್ ಮಣಿ.”

ಶೆಡ್ಡಿನ ಮೂಲೆಯಲ್ಲಿ ಪಾಲಿಶ್ ಬಟ್ಟೆ ತೊಳೆಯುತ್ತಿದ್ದ ಅವರ ಹೆಂಡತಿ ರೇಣುಕಾ ತಲೆ ಎತ್ತದೆ, ಒಪ್ಪಿಗೆ ಸಿಗುವ ಮೊದಲೇ ಮರ ಕೊಯ್ಯುವ ಗಂಡಸರ ಬುದ್ಧಿಯ ಬಗ್ಗೆ ಒಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಬಸು ಅವರಿಗೆ ಐವತ್ತೊಂಬತ್ತು. ಊರು ನರಗುಂದ. ಇಪ್ಪತ್ಮೂರನೇ ವಯಸ್ಸಿನಲ್ಲಿ ಕೊಲ್ಕತ್ತಾಕ್ಕೆ ಬಂದದ್ದು ಎರಡು ತಿಂಗಳ ಕೆಲಸಕ್ಕೆ. ಧಾರವಾಡ ಕಡೆಯ ಲಕ್ಷ್ಮೀನಾರಾಯಣ ಎಂಬ ರೈಲ್ವೆ ಅಧಿಕಾರಿಗೆ ಇಲ್ಲಿಗೆ ವರ್ಗವಾಗಿತ್ತು. ಸಾಗಿಸುವಾಗ ಅವರ ಮನೆಯ ಬೀರು, ಮಂಚಗಳೆಲ್ಲ ಮುರಿದಿದ್ದವು. ರಿಪೇರಿಗೆ ಊರಿನಿಂದಲೇ ಬಡಿಗನನ್ನು ಕರೆಸಿದರು. ಬೀರು ಸರಿಯಾಗುವ ಹೊತ್ತಿಗೆ ಪಕ್ಕದ ಕ್ವಾರ್ಟರ್ಸಿನವರು ಕರೆದರು, ಅಲ್ಲಿಂದ ಅದರಾಚೆಯವರು. ಹಾಗೆ ಮೂವತ್ತಾರು ವರ್ಷ ಕಳೆದಿದೆ. ಈಗ ಜಾದವ್‌ಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಕಸ್ಬಾದಲ್ಲಿ ಈ ಶೆಡ್. ಇಲ್ಲಿಯ ಬಂಗಾಳಿಗಳಲ್ಲಿ ಬಸು ಎಂದರೆ ಮನೆತನದ ಹೆಸರು. ಆದ್ದರಿಂದ ಪರಿಚಯವಾದವರೆಲ್ಲ, ಅದು ಸರಿ, ನಿಮ್ಮ ಹೆಸರೇನು ಎಂದು ಕೇಳುತ್ತಾರೆ. ಅವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಅವರ ಜೊತೆ ಇಪ್ಪತ್ತು ವರ್ಷಗಳಿಂದ ಇರುವವರು ಐವತ್ತು ದಾಟಿದ ನಿಮಾಯ್ ಮಿಸ್ತ್ರಿ. ಹಲಗೆಗಳನ್ನು ಜೋಡಿಸುವುದು ಅವರ ಕೆಲಸ. ಪಾಲಿಶ್ ಪೂರ್ತಿ ರೇಣುಕಾ ಅವರದು. ಅರಗು ಕರಗಿಸಿ ಮಾಡಿದ ಪಾಲಿಶನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ, ಒಂದೊಂದು ಹಲಗೆಗೂ ಮುಂದೆ, ಹಿಂದೆ, ನಾಲ್ಕೂ ಅಂಚಿಗೆ ಮೂರು ಸಲ ಸವರುತ್ತಾರೆ. ಹಿಂಬದಿ ಗೋಡೆಗೆ ಆನುತ್ತದೆ, ಅಂಚು ಚೌಕಟ್ಟಿನ ಸಂದಿನೊಳಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ತೆ ಯಾಕೆ ಎಂದರೆ, ಬಸು ಶೆಡ್ಡಿನ ಗೋಡೆಯತ್ತ ಕೈ ತೋರಿಸುತ್ತಾರೆ.

ಅಲ್ಲಿ ಒಂದಡಿ ಅಗಲದ ಓಕ್ ಹಲಗೆಯೊಂದು ಚೌಕಟ್ಟಿನಲ್ಲಿ ಸಡಿಲವಾಗಿ ಕೂತಿದೆ. ನಡುವೆ ಉದ್ದಕ್ಕೂ ಹಳೆಯ ಬಿರುಕು, ಅದನ್ನು ಅಂಟು ಹಾಕಿ ಕೂಡಿಸಿದ ಗುರುತು. ಅಂಚಿನಲ್ಲಿ ನೂರಕ್ಕೂ ಹೆಚ್ಚು ಪೆನ್ಸಿಲ್ ಗೆರೆಗಳು, ಪಕ್ಕದಲ್ಲಿ ತಾರೀಖು. ತಿಂಗಳಿಗೊಂದರಂತೆ ಹನ್ನೆರಡು ವರ್ಷದ ಗೆರೆಗಳು. ಆಗಸ್ಟಿನಲ್ಲಿ ಹಲಗೆ ಎಲ್ಲಿಯವರೆಗೆ ಬರುತ್ತದೆ, ಜನವರಿಯಲ್ಲಿ ಎಲ್ಲಿಗೆ ಸರಿಯುತ್ತದೆ ಎಂಬ ಲೆಕ್ಕ ಅದು. ವ್ಯತ್ಯಾಸ ಸುಮಾರು ಮೂರು ಮಿಲಿಮೀಟರ್. ಬಸು ಅವರ ಅಳತೆಯಲ್ಲಿ ಹೇಳುವುದಾದರೆ ಒಂದು ಕಡ್ಲಿಬ್ಯಾಳಿ.

“ಸಾಗವಾನಿ ಭಾಳ ಸಂಭಾವಿತ್ರೀ. ಎಲ್ಲಿ ಕುಂಡ್ರಸ್ತೀವಿ ಅಲ್ಲೇ ಕುಂಡ್ರತೈತಿ. ನಮ್ಮಪ್ಪ ಕಲಿಸಿದ್ದು ಅದನ್ನ. ಓಕ್ ಹಂಗಲ್ಲ. ಮಳಿಗಾಲಕ್ಕ ಉಬ್ಬತೈತಿ, ಚಳಿಗಾಲಕ್ಕ ಸೊರಗತೈತಿ. ಅದಕ್ಕ ಅಡ್ಡಾಡಾಕ ಜಾಗ ಬಿಡಬೇಕು.”

ಈ ಜ್ಞಾನ ಪುಕ್ಕಟೆ ಬಂದದ್ದಲ್ಲ. ಹದಿಮೂರು ವರ್ಷದ ಹಿಂದೆ ಅಲಿಪುರದ ದೊಡ್ಡ ಮನೆಯೊಂದರಲ್ಲಿ ಬಸು ಮೊದಲ ಬಾರಿಗೆ ಓಕ್ ಕೆಲಸ ಹಿಡಿದರು. ಮರ ಬಂದದ್ದು ನಿಮ್ತಲಾ ಮರದಪೇಟೆಯ ಒಬ್ಬ ಹಿರಿಯ ವ್ಯಾಪಾರಿಯಿಂದ. ಮಳೆಗಾಲದಲ್ಲಿ ನಲವತ್ತು ಹಲಗೆ ಕೂಡಿಸಿ, ಸಾಗವಾನಿಗೆ, ಅಂದರೆ ತೇಗಕ್ಕೆ ಮಾಡುವಂತೆಯೇ ನಾಲ್ಕೂ ಕಡೆ ಅಂಟು ಹಚ್ಚಿ ಬಿಗಿ ಮಾಡಿದರು. ತಟ್ಟಿದರೆ ಕಲ್ಲಿನಂತಿತ್ತು, ಮನೆಯವರೂ ಮೆಚ್ಚಿದರು. ಜನವರಿಯಲ್ಲಿ ಹಲಗೆಗಳು ಒಂದೊಂದಾಗಿ ಸೀಳತೊಡಗಿದವು. ಮನೆಯವರು ಊಟಕ್ಕೆ ಕೂತಿದ್ದಾಗ ಪಟಾಕಿ ಹೊಡೆದಂತೆ ಸದ್ದಾಯಿತಂತೆ. ಹತ್ತೊಂಬತ್ತು ಹಲಗೆ ಹೋದವು. ಮರ ಹಸಿಯಾಗಿತ್ತು ಎಂದು ತೀರ್ಮಾನವಾಯಿತು, ಗೋಡೆಯನ್ನು ಕಿತ್ತು ಹಾಕಿದರು. ಕೆಲಸ ಕೊಟ್ಟಿದ್ದ ಗುತ್ತಿಗೆದಾರ ಆ ವ್ಯಾಪಾರಿಯನ್ನೂ ಬಿಟ್ಟ, ಬಸು ಅವರನ್ನೂ ಬಿಟ್ಟ. ಸೀಳಿದ ಒಂದು ಹಲಗೆಯನ್ನು ಬಸು ಹೊತ್ತು ತಂದರು. ಶೆಡ್ಡಿನ ಗೋಡೆಯ ಮೇಲಿರುವುದು ಅದೇ.

ಆಮೇಲೆ ಅವರಿಗೆ ಓಕ್ ಕೆಲಸ ಯಾರೂ ಕೊಡಲಿಲ್ಲ. ಪ್ಲೈವುಡ್ ವಾರ್ಡ್‌ರೋಬ್, ಟಿವಿ ಇಡುವ ಕಪಾಟು, ಅಡುಗೆಮನೆಯ ಡ್ರಾಯರ್, ಇಷ್ಟೇ. ಪ್ಲೈವುಡ್ ಬಗ್ಗೆ ಅವರು ಕೆಟ್ಟದ್ದು ಹೇಳುವುದಿಲ್ಲ. ಹೊಟ್ಟೆ ತುಂಬಿಸಿದೆ. ಆದರೆ ಆ ವಿಷಯ ಮಾತಾಡುವಾಗ ಅವರ ಮುಖದಲ್ಲಿ ಯಾವ ಉತ್ಸಾಹವೂ ಕಾಣಲಿಲ್ಲ.

ಇಂದಿನ ಪರೀಕ್ಷೆ ಇರುವುದು ಸಾಲ್ಟ್ ಲೇಕಿನಲ್ಲಿ. ಲೀಲಾ ಲಾಹಿರಿ ಎಂಬ ಎಪ್ಪತ್ತೊಂದರ ನಿವೃತ್ತ ಕಣ್ಣಿನ ವೈದ್ಯೆ ಅಲ್ಲಿ ಮೂರಂತಸ್ತಿನ ಮನೆಯನ್ನು ಒಳಗಿನಿಂದ ಹೊಸದು ಮಾಡಿಸುತ್ತಿದ್ದಾರೆ. ಓದುವ ಕೋಣೆಯ ಗೋಡೆ, ಮೆಟ್ಟಿಲ ಹಾಲ್, ಊಟದ ಮನೆಯ ಕಪಾಟು, ಅಡುಗೆಮನೆ ಎಲ್ಲ ಓಕ್‌ನಲ್ಲೇ ಆಗಬೇಕೆಂಬುದು ಅವರ ಆಸೆ. ಒಳಾಂಗಣ ವಿನ್ಯಾಸದ ಹೊಣೆ ಬೆಂಗಳೂರಿನಿಂದ ಬಂದು ಇಲ್ಲೇ ಕೆಲಸ ಮಾಡುವ ವರ್ಷಿಣಿಯದು. ಬೇರೊಂದು ಮನೆಯಲ್ಲಿ ಅಳತೆ ತೆಗೆಯುತ್ತಿದ್ದ ಬಡಿಗ ತನ್ನಷ್ಟಕ್ಕೆ ಕನ್ನಡದಲ್ಲಿ ಎಣಿಸುವುದು ಕೇಳಿ ಆಕೆ ಮಾತಾಡಿಸಿದ್ದಳು. ಶೆಡ್ಡಿನ ಗೋಡೆಯ ಗೆರೆಗಳನ್ನು ನೋಡಿದ ಮೇಲೆ ಈ ಕೆಲಸ ಇವರಿಗೇ ಎಂದು ಹಟ ಹಿಡಿದಳು. ಅಷ್ಟರಲ್ಲಿ ಅಲಿಪುರದ ಕಥೆ ವೈದ್ಯೆಯ ಕಿವಿಗೂ ಬಿದ್ದಿತ್ತು. ಅವರು ಒಂದೇ ಷರತ್ತು ಹಾಕಿದರು: ಮೊದಲು ಓದುವ ಕೋಣೆಯ ಗೋಡೆ ಮಾತ್ರ. ಆಗಸ್ಟಿನಲ್ಲಿ ಕೂಡಿಸಿ. ಜನವರಿ ಕೊನೆಯ ವಾರ ನಾನೇ ನೋಡುತ್ತೇನೆ. ಒಂದು ಹಲಗೆ ಸೀಳಿದ್ದರೂ ಗೋಡೆ ಕಿತ್ತು, ಇಡೀ ಮನೆಗೆ ಪ್ಲೈವುಡ್.

ಒಪ್ಪಿದರೆ ಮುಂದಿನ ಹನ್ನೊಂದು ತಿಂಗಳು ಓಕ್ ಕೆಲಸ. ಒಪ್ಪದಿದ್ದರೆ ಐವತ್ತೊಂಬತ್ತರ ಈ ಬಡಿಗ ಜೀವನದಲ್ಲಿ ಮತ್ತೆ ಓಕ್ ಮುಟ್ಟುವುದು ಅನುಮಾನ. ಅವರಿಗೂ ಅದು ಗೊತ್ತು. ಬೆಳಿಗ್ಗೆ ಕಟಕ ರೊಟ್ಟಿಯ ಜೊತೆ ನೊಲೆನ್ ಗುಡ ಹಾಕಿಕೊಟ್ಟರೆ ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸಿದರು. ಖರ್ಜೂರದ ಮರದ ರಸದಿಂದ ಮಾಡುವ ಈ ಬೆಲ್ಲ ಚಳಿಗಾಲದಲ್ಲಿ ಮಾತ್ರ ಸಿಗುವುದು, ಅದನ್ನು ಅವರು ಬಿಟ್ಟಿದ್ದನ್ನು ತಾನು ನೋಡಿಯೇ ಇಲ್ಲ ಎಂದರು ರೇಣುಕಾ.

ಹನ್ನೊಂದು ಗಂಟೆಗೆ ನಾವೆಲ್ಲ ಆ ಓದುವ ಕೋಣೆಯಲ್ಲಿದ್ದೇವೆ. ಗೋಡೆ ಒಂಬತ್ತೂವರೆ ಅಡಿ ಉದ್ದ. ಸಾಲಿಗೆ ಏಳರಂತೆ ಆರು ಸಾಲು, ಒಟ್ಟು ನಲವತ್ತೆರಡು ಹಲಗೆ. ಕೆಳಗಿನ ಸಾಲು ಕಪಾಟಿನ ಒಳಗೆ ಸೇರಿಹೋಗಿದೆ. ಜೇನಿನ ಬಣ್ಣದ ಮರ, ಅಲ್ಲಲ್ಲಿ ಮಿಂಚುವ ಅಡ್ಡ ಗೀರುಗಳು. ಚೆನ್ನಾಗಿದೆ. ಆದರೆ ಚೆನ್ನಾಗಿರುವುದು ಇವತ್ತಿನ ಪ್ರಶ್ನೆಯಲ್ಲ.

ಲೀಲಾ ಲಾಹಿರಿ ಕೈಯಲ್ಲಿ ಭೂತಗನ್ನಡಿ ಹಿಡಿದು ಏಣಿ ಹತ್ತಿಯೇ ಬಿಟ್ಟರು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಮೇಲಿನ ಎಡಮೂಲೆಯಿಂದ ಶುರುಮಾಡಿ ಒಂದೊಂದೇ ಹಲಗೆ ನೋಡುತ್ತ, ಉಗುರು ಆಡಿಸುತ್ತ ಬಂದರು. ನಿಮಾಯ್ ಏಣಿ ಹಿಡಿದಿದ್ದರು. ಬಸು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಹೀಗೇ ಅರ್ಧ ಗಂಟೆ ಕಳೆಯಿತು.

ಇಪ್ಪತ್ತೇಳನೇ ಹಲಗೆಗೆ ಬಂದಾಗ ವೈದ್ಯೆಯ ಕೈ ನಿಂತಿತು. ಹಲಗೆಯ ಬಲಬದಿಗೆ, ಚೌಕಟ್ಟಿನ ಪಕ್ಕದಲ್ಲೇ, ಮೇಲಿನಿಂದ ಕೆಳಗಿನವರೆಗೆ ದಾರದಷ್ಟು ಸಣ್ಣ ಬಿಳಿ ಗೆರೆ. ಅವರು ತಿರುಗಿ ನೋಡಿ, ಇದು ಬಿರುಕಲ್ಲವೇ ಎಂದು ಬಂಗಾಳಿಯಲ್ಲಿ ಕೇಳಿದರು. ವರ್ಷಿಣಿಯ ಮುಖ ಬಿಳಿಚಿಕೊಂಡಿತು. ಬಿರುಕಾಗಿರದಿರಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಪತ್ರಿಕೆಗೆ ಬರೆಯಲು ಹೋದವರು ಹೀಗೆ ಒಂದು ಕಡೆ ವಾಲಬಾರದು. ವಾಲಿದ್ದೆ.

ಬಸು ಬಾಯಿ ತೆರೆಯುವ ಮೊದಲೇ ರೇಣುಕಾ ಮುಂದೆ ಹೋದರು. ಗೆರೆಯ ಮೇಲೆ ಉಗುರು ಎಳೆದು ನೋಡಿದರು. ಆಮೇಲೆ ತಮ್ಮ ಮುರುಕು ಬಂಗಾಳಿಯಲ್ಲಿ ಹೇಳಿದರು: ಇದು ಬಿರುಕಲ್ಲ. ಇದು ನಾನು ಪಾಲಿಶ್ ಹಚ್ಚದೆ ಬಿಟ್ಟ ಅಂಚು. ಚಳಿಗೆ ಹಲಗೆ ಸರಿದದ್ದಕ್ಕೆ ಒಳಗಿದ್ದದ್ದು ಹೊರಗೆ ಬಂದಿದೆ. ತಪ್ಪು ನನ್ನ ಕೈಯದು.

ಅಷ್ಟೇ. ನಲವತ್ತೆರಡು ಹಲಗೆಗೆ ನೂರ ಅರವತ್ತೆಂಟು ಅಂಚು, ಅದರಲ್ಲಿ ಒಂದು ತಪ್ಪಿತ್ತು. ಪಾಲಿಶ್ ಹಚ್ಚುತ್ತಿದ್ದ ಆ ವಾರ ರೇಣುಕಾ ಅವರಿಗೆ ಡೆಂಗಿ ಜ್ವರ ಶುರುವಾಗಿತ್ತೆಂದು ನಿಮಾಯ್ ನನಗೆ ಆಮೇಲೆ ಹೇಳಿದರು. ಅವರಾಗಿ ಆ ಮಾತು ಎತ್ತಲಿಲ್ಲ.

ವೈದ್ಯೆ ಪೂರ್ತಿ ನಂಬಿದಂತೆ ಕಾಣಲಿಲ್ಲ. ಆಗ ಬಸು ಗೋಡೆಯ ಕೆಳಗಿನ ಕಪಾಟುಗಳ ಬಾಗಿಲು ತೆರೆದು ಟಾರ್ಚ್ ಹಿಡಿದರು. ಒಳಗಿದ್ದ ಏಳು ಹಲಗೆಗಳ ಮೂಲೆಯಲ್ಲೂ ಆಗಸ್ಟ್ ಹದಿನಾಲ್ಕರ ತಾರೀಖಿನ ಪೆನ್ಸಿಲ್ ಗುರುತು: ಒಂದು ಗೆರೆ ಹಲಗೆಯ ಮೇಲೆ, ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಚೌಕಟ್ಟಿನ ಮೇಲೆ. ಎಳೆದ ದಿನ ಎರಡೂ ಒಂದೇ ಗೆರೆಯಂತಿದ್ದವು. ಈಗ ನಡುವೆ ಕಡ್ಲಿಬ್ಯಾಳಿಯಷ್ಟು ಜಾಗ. ಎಪ್ಪತ್ತೊಂದರ ಆ ಹೆಂಗಸು ನೆಲಕ್ಕೆ ಮೊಣಕಾಲೂರಿ ಏಳನ್ನೂ ಭೂತಗನ್ನಡಿಯಲ್ಲಿ ನೋಡಿದರು. ಏಳೂ ಸರಿದಿದ್ದವು, ಒಂದೂ ಸೀಳಿರಲಿಲ್ಲ. ಉಳಿದವುಗಳ ಅಂಚಿಗೆ ಪಾಲಿಶ್ ಇದ್ದದ್ದರಿಂದ ಸರಿದದ್ದು ಹೊರಗೆ ತೋರುತ್ತಿಲ್ಲ ಎಂಬುದು ಆಗ ನನಗೂ ಅರ್ಥವಾಯಿತು.

ಮಿಕ್ಕ ಹಲಗೆಗಳನ್ನೂ ನೋಡಿ ಮುಗಿಸಿಯೇ ಅವರು ಮಾತಾಡಿದ್ದು. ಕಣ್ಣಿಗೆ ಹಾಕುವ ಹೊಲಿಗೆಯೂ ಹೀಗೇ, ಬಿಗಿ ಹೆಚ್ಚಾದರೆ ನೋಟ ಕೆಡುತ್ತದೆ ಎಂದರು. ಆ ಬಿಳಿ ಗೆರೆ ಯಾವಾಗ ಮುಚ್ಚುತ್ತದೆ ಎಂದು ಕೇಳಿದರು. ಜುಲೈ ಕೊನೆಗೆ ಎಂದರು ಬಸು. ಹಾಗಾದರೆ ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬಾರದು, ಮುಚ್ಚುತ್ತದೋ ಇಲ್ಲವೋ ನೋಡುತ್ತೇನೆ ಎಂದರು. ಕೊನೆಗೆ, ಸೀರೆ ಕೊಡವಿಕೊಳ್ಳುತ್ತ, ಮೆಟ್ಟಿಲ ಹಾಲ್ ಯಾವತ್ತಿನಿಂದ ಎಂದು ಕೇಳಿದರು.

“ಅಂಕಲ್, ಪಾಸ್ ಆಯ್ತು,” ಎಂದು ವರ್ಷಿಣಿ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು. ಬಸು ತಲೆಯಾಡಿಸಿ ಟಾರ್ಚ್ ಆರಿಸಿದರು. ಖುಷಿಪಡಬೇಕಾದ ರೇಣುಕಾ ಮಾತ್ರ ತನ್ನ ತಪ್ಪು ಇನ್ನು ಆರು ತಿಂಗಳು ಬಂದವರೆದುರೆಲ್ಲ ಕಾಣುತ್ತಿರುತ್ತದೆ ಎಂದು ಗೊಣಗುತ್ತಲೇ ಮೆಟ್ಟಿಲಿಳಿದರು.

ಬಸ್ಸಿಗೆ ಕಾಯುವಾಗ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಕುಡಿದೆವು. ಇಂಥ ಬರಹಕ್ಕಾಗಿ ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ಇನ್ನು ನಿಮ್ಮ ಆಸೆ ಏನು? ಮನೆಯನ್ನೋ, ಊರಿಗೆ ಮರಳುವುದನ್ನೋ ಹೇಳುತ್ತಾರೆಂದುಕೊಂಡಿದ್ದೆ.

ಅವರು ನಿಮ್ತಲಾದ ಮಾತೆತ್ತಿದರು. ಹಿಂದಿನ ದಿನ ಅವರೊಡನೆ ಆ ಮರದಪೇಟೆಗೆ ನಾನೂ ಹೋಗಿದ್ದೆ. ನೇರ ಬೀದಿ ಬಿಟ್ಟು ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಹೋಗಿದ್ದೆವು, ಯಾಕೆಂದು ಕೇಳಿದಾಗ ಜನ ಕಡಿಮೆ ಎಂದಿದ್ದರು. ನಿಜವಾದ ಕಾರಣ ಬೇರೆ. ಅಲಿಪುರದ ಮನೆಗೆ ಮರ ಕೊಟ್ಟ ವ್ಯಾಪಾರಿಯ ಅಂಗಡಿ ಇರುವುದು ಆ ನೇರ ಬೀದಿಯಲ್ಲಿ. ಅವರಿಗೆ ಈಗ ಎಂಬತ್ತು ದಾಟಿದ್ದರೂ ದಿನವೂ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ.

“ಕಟ್ಟಿಗಿ ಹಸೀ ಇತ್ತು ಅಂತ ಅವತ್ತ ಹೇಳಿದಾಂವ ನಾನಽ ರೀ. ಅಂಜಿ ಹೇಳಿಬಿಟ್ಟೆ. ವರ್ಷದಾಗ ಗೊತ್ತಾತು, ಕಟ್ಟಿಗಿ ಬರೋಬ್ಬರಿ ಇತ್ತು, ನಾ ಅಂಟು ಹಚ್ಚಿ ಅದನ್ನ ಕಟ್ಟಿಹಾಕಿದ್ದೆ ಅಂತ. ಆದ್ರ ಆ ಮುದುಕರ ಮುಂದ ಹೋಗಿ ಹೇಳಾಕ ಬಾಯಿ ಬರಲಿಲ್ಲ.”

ಬಸ್ಸು ಬಂತು. ಮುಂದೆ ಕೂತ ರೇಣುಕಾ ಇನ್ನೂ ನಿಮಾಯ್ ಜೊತೆ ಆ ಇಪ್ಪತ್ತೇಳನೇ ಹಲಗೆಯ ಬಗ್ಗೆಯೇ ಮಾತಾಡುತ್ತಿದ್ದರು. ಬಸು ಹೆಂಡತಿಯತ್ತ ನೋಡಿದರು.

“ಆಕಿ ನೋಡ್ರಿ, ಎಲ್ಲಾರ ಮುಂದ ಒಂದಽ ಉಸುರಿನಾಗ ಹೇಳಿಬಿಟ್ಳು. ನನಗ ಹದಿಮೂರು ವರ್ಷ ಆದ್ರೂ ಆಗಿಲ್ಲ. ನಾಳಿ ನಿಮ್ತಲಾಕ್ಕ ನೇರ ಓಣೀಲೇ ಹೊಂಟೇನಿ.”